ಅಸಲು, ನಕಲು: ಒಂದು ಚಿಪ್ಪಿನ ಪರೀಕ್ಷೆ

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾವು ಪ್ರತಿವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಅವರೂ ತಪ್ಪದೆ ಬರೆಯುತ್ತಾರೆ. ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಬಗೆದವನ ಕಥೆ, ಮುಂಗುಸಿಯ ಬಾಯಿಯ ರಕ್ತವನ್ನು ಕಂಡು ಅದನ್ನು ಕೊಂದ ತಾಯಿಯ ಕಥೆ, ಇವೆರಡರಲ್ಲಿ ಒಂದು ಪ್ರತಿಯೊಂದು ಉತ್ತರಪತ್ರಿಕೆಯಲ್ಲಿಯೂ ಇದ್ದೇ ಇರುತ್ತದೆ. ಐದಕ್ಕೆ ನಾಲ್ಕು ಅಂಕಗಳನ್ನು ಕೊಟ್ಟು ನಾವು ಮುಂದಿನ ಪತ್ರಿಕೆಯನ್ನು ಕೈಗೆತ್ತಿಕೊಳ್ಳುತ್ತೇವೆ. ಆದರೆ ಗಾದೆಯನ್ನು ಕಲಿಸುವವರು ಅದನ್ನು ಕಲಿತೇ ಇರುತ್ತಾರೆಂಬ ನಿಯಮವೇನೂ ಇಲ್ಲ. ಕಳೆದ ವರ್ಷ ಕಿರುಬೆರಳಿನಷ್ಟೂ ಉದ್ದವಿಲ್ಲದ ಒಂದು ಕರಿಯ ತುಂಡು ನಮಗೆ ಆ ಪಾಠವನ್ನು ಹೇಳಿಕೊಟ್ಟಿತು. ಅದನ್ನು ನಮ್ಮ ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಚಿಪ್ಪಿನ ಪರಿಚಯ

ಮೈಕ್ರೋಕಂಟ್ರೋಲರ್ ಎಂಬುದು ಒಂದು ಸಣ್ಣ ಗಣಕಯಂತ್ರವೇ ಸರಿ. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ವಸ್ತುಗಳೊಡನೆ ವ್ಯವಹರಿಸುವ ಭಾಗ, ಈ ಮೂರೂ ಅದರಲ್ಲಿ ಒಂದೇ ಸಿಲಿಕಾನ್ ತುಣುಕಿನ ಮೇಲೆ ಅಡಕವಾಗಿರುತ್ತವೆ. ಬಟ್ಟೆ ಒಗೆಯುವ ಯಂತ್ರದಲ್ಲಿ, ರಿಕ್ಷಾದ ಮೀಟರಿನಲ್ಲಿ, ನಾವು ವಾಸಿಸುವ ಕಟ್ಟಡಗಳ ಲಿಫ್ಟಿನಲ್ಲಿ ಇಂಥ ಚಿಪ್ಪುಗಳು ಕುಳಿತು ಸದ್ದಿಲ್ಲದೆ ದುಡಿಯುತ್ತಿವೆ.

ಶಾಲೆಯ ಮಕ್ಕಳಿಗೆ ಹೆಚ್ಚು ಪರಿಚಿತವಾದುದು ಎಟಿಮೆಗಾ328ಪಿ ಎಂಬ ಚಿಪ್. ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ಆರಂಭವಾದ ಆರ್ಡುಯಿನೋ ಎಂಬ ಕಲಿಕೆಯ ಫಲಕಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಇದನ್ನು ತಯಾರಿಸುತ್ತಿದ್ದ ಆಟ್ಮೆಲ್ ಕಂಪನಿಯು 2016ರಲ್ಲಿ ಮೈಕ್ರೋಚಿಪ್ ಎಂಬ ಕಂಪನಿಯ ವಶವಾಯಿತು. ಉದ್ದನೆಯ ರೂಪದಲ್ಲಿ ಇದಕ್ಕೆ ಪಕ್ಕಕ್ಕೆ 14ರಂತೆ 28 ಕಾಲುಗಳು. ಇದರ ಒಳಗೆ ಮೂರು ಬಗೆಯ ನೆನಪಿನ ಕೋಶಗಳುಂಟು: ಪ್ರೋಗ್ರಾಮನ್ನು ಬರೆದಿಡಲು 32 ಕಿಲೋಬೈಟು, ಕೆಲಸ ನಡೆಯುವಾಗ ಬಳಸಲು 2 ಕಿಲೋಬೈಟು, ವಿದ್ಯುತ್ ಹೋದರೂ ಉಳಿಯಬೇಕಾದ ಸಣ್ಣಪುಟ್ಟ ಸಂಗತಿಗಳಿಗೆ 1 ಕಿಲೋಬೈಟು. ಒಂದು ಕಿಲೋಬೈಟಿಗೆ 1,024 ಬೈಟುಗಳೆಂಬುದನ್ನು ನೆನಪಿಡಬೇಕು. ಮುಂದಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ.

ಈ ಗುಣಗಳಲ್ಲಿ ಯಾವುದೂ ಹೊರಗಿನಿಂದ ಕಾಣುವುದಿಲ್ಲ. ಹೊರಗೆ ಕಾಣುವುದು ಕರಿಯ ಮೈ ಮತ್ತು ಅದರ ಮೇಲೆ ಬರೆದ ಹೆಸರು, ಅಷ್ಟೆ. ಅಕ್ಕಿಯನ್ನು ಕೊಳ್ಳುವವನು ಹಿಡಿಯಲ್ಲಿ ತೆಗೆದು ನೋಡಬಲ್ಲ, ಮಾವಿನಹಣ್ಣನ್ನು ಕೊಳ್ಳುವವನು ಮೂಸಿ ನೋಡಬಲ್ಲ. ಚಿಪ್ಪನ್ನು ಕೊಳ್ಳುವವನು ಹೆಸರನ್ನು ನಂಬಿ ಹಣ ಕೊಡಬೇಕು. ಮೋಸಕ್ಕೆ ಎಡೆಯಾಗುವುದು ಇಲ್ಲಿಯೆ.

ನಮ್ಮಲ್ಲಿ ನಡೆದ ಪ್ರಸಂಗ

ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ವಿಜ್ಞಾನ ಪ್ರದರ್ಶನಕ್ಕಾಗಿ ಒಂದು ಉಪಕರಣವನ್ನು ಯೋಚಿಸಿದ. ಗುಂಡಿಯನ್ನು ಒತ್ತಿದರೆ ಸಣ್ಣ ಪರದೆಯ ಮೇಲೆ ಕನ್ನಡದ ಕಾಗುಣಿತ ಮೂಡಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಎಂಬಂತೆ ಬೆಳೆಯುವ ಡೊಂಬಿವಲಿ, ಕಲ್ಯಾಣಗಳ ಚಿಕ್ಕ ಮಕ್ಕಳಿಗೆ ಇದು ಅಕ್ಷರಾಭ್ಯಾಸಕ್ಕೆ ನೆರವಾಗಬೇಕೆಂಬುದು ಆತನ ಆಸೆ. ಅಕ್ಷರಗಳ ವಿಷಯವಾದುದರಿಂದ ವಿಜ್ಞಾನದ ಪಂಡಿತರಲ್ಲದ ನಮ್ಮನ್ನೂ ಆತ ಮೇಲ್ವಿಚಾರಣೆಗೆ ಕೂಡಿಸಿಕೊಂಡ.

ಆತ ಪ್ರತಿಯೊಂದು ಅಕ್ಷರವನ್ನೂ ಚೌಕಳಿ ಕಾಗದದ ಮೇಲೆ 16 ಸಾಲು, 16 ಕಂಬಗಳ ಚುಕ್ಕೆಗಳಾಗಿ ಬರೆದ. 256 ಚುಕ್ಕೆಗಳೆಂದರೆ 32 ಬೈಟು. ವರ್ಗೀಯ ವ್ಯಂಜನಗಳು 25, ಅವರ್ಗೀಯಗಳು 9, ಒಟ್ಟು 34. ಒಂದೊಂದಕ್ಕೆ ಕಾಗುಣಿತದ ರೂಪಗಳು 15. ಹೀಗೆ 510 ರೂಪಗಳು. ಅವಕ್ಕೆ ಬೇಕಾದ ಸ್ಥಳ 16,320 ಬೈಟು. ಸ್ವರಗಳೂ ಉಪಕರಣವನ್ನು ನಡೆಸುವ ಆಜ್ಞೆಗಳೂ ಸೇರಿ ಸುಮಾರು 6,800 ಬೈಟು. ಒಟ್ಟು 23,120. ಚಿಪ್ಪಿನ 32 ಕಿಲೋಬೈಟು, ಅಂದರೆ 32,768 ಬೈಟುಗಳಲ್ಲಿ ಇದು ಆರಾಮವಾಗಿ ಹಿಡಿಯಬೇಕು. ಒತ್ತಕ್ಷರಗಳನ್ನು ಮುಂದಿನ ವರ್ಷಕ್ಕೆ ಬಿಟ್ಟೆವು.

ಪರಿಚಯದವರೊಬ್ಬರ ಮೂಲಕ ಒಂದು ಅಂಗಡಿಯಿಂದ ಆತ ಎರಡು ಚಿಪ್ಪುಗಳನ್ನು ತರಿಸಿದ. ಹಣ ಆತನದೇ, ದೀಪಾವಳಿಗೆ ಬಂದುದನ್ನು ಕೂಡಿಟ್ಟಿದ್ದ. ಬೆಲೆ ಬೇರೆಡೆಗಿಂತ ಅಗ್ಗ, ಬಿಲ್ಲು ಇಲ್ಲ. ಪ್ರೋಗ್ರಾಮನ್ನು ಒಳಸೇರಿಸುವ ಆರಂಭದ ಪ್ರೋಗ್ರಾಮು, ಅಂದರೆ ಬೂಟ್‌ಲೋಡರು, ಅದರಲ್ಲಿ ಮೊದಲೇ ಬರೆದಿತ್ತು. ದೀಪವನ್ನು ಹೊತ್ತಿಸಿ ಆರಿಸುವ ಸಣ್ಣ ಪ್ರಯೋಗ ನಡೆಯಿತು. ಕ-ಕಾರದ ಕಾಗುಣಿತ ಮೂಡಿತು, ಖ-ಕಾರವೂ ಮೂಡಿತು. ಆತ ದಿನಕ್ಕೆ ಕೆಲವು ಸಾಲುಗಳಂತೆ ಸೇರಿಸುತ್ತ ಹೋದ. ದ-ಕಾರದವರೆಗೆ ಎಲ್ಲವೂ ಸರಿಯಾಗಿತ್ತು. ಧ-ಕಾರವನ್ನು ಸೇರಿಸಿದೊಡನೆ ಬರೆದುದಕ್ಕೂ ಮರಳಿ ಓದಿದುದಕ್ಕೂ ತಾಳೆಯಿಲ್ಲವೆಂಬ ಸೂಚನೆ ಬಂದಿತು. ಪರದೆಯ ಮೇಲೆ ಅಕ್ಷರಗಳಿಗೆ ಬದಲು ಚುಕ್ಕೆಗಳ ರಾಶಿ. ಎರಡನೆಯ ಚಿಪ್ಪಿನಲ್ಲಿಯೂ ಹಾಗೆಯೇ ಆಯಿತು.

ಕನ್ನಡದ ಪಾಠ ಹೇಳುವವರಿಗೆ ಧ-ಕಾರವೆಂದೊಡನೆ ಒಂದು ಸಂಶಯ ಹುಟ್ಟುವುದು ಸಹಜ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಮಕ್ಕಳು ಎಡವುವುದನ್ನು ನಾವು ದಿನವೂ ಕಾಣುತ್ತೇವೆ. “ಧ-ಕಾರವನ್ನು ನೀನು ಬರೆದಿರುವ ಕ್ರಮದಲ್ಲಿಯೇ ದೋಷವಿದೆ, ತಿದ್ದಿಕೊಂಡು ಬಾ” ಎಂದು ತರಗತಿಯ ಎದುರಿನಲ್ಲಿಯೇ ಹೇಳಿದೆವು. ಆತ ತಿದ್ದಿದ, ಆಗಲಿಲ್ಲ. ಇನ್ನೊಮ್ಮೆ ತಿದ್ದಿದ, ಆಗಲಿಲ್ಲ. ಮೂರು ವಾರಗಳು ಕಳೆದವು. ಪ್ರದರ್ಶನಕ್ಕೆ ಹೆಸರು ಕಳುಹಿಸುವ ದಿನ ಬಂದಿತು. ಕೆಲಸ ಪೂರೈಸದ ಹುಡುಗನ ಹೆಸರನ್ನು ಪಟ್ಟಿಯಿಂದ ತೆಗೆದೆವು.

ಇದಾದ ಎರಡು ದಿನಗಳ ಮೇಲೆ ಆತ ತನ್ನ ನೋಟ್‌ಬುಕ್ಕನ್ನು ತಂದು ನಮ್ಮ ಮೇಜಿನ ಮೇಲಿಟ್ಟ. ಸಾಲುಗಳ ಕ್ರಮವನ್ನು ತಲೆಕೆಳಗು ಮಾಡಿ, ಕ-ಕಾರದ ಬದಲು ಳ-ಕಾರದಿಂದ ಆರಂಭಿಸಿ ಹಿಂದುಹಿಂದಕ್ಕೆ ಬಂದಿದ್ದ. ಈ ಕ್ರಮದಲ್ಲಿ ಧ-ಕಾರ ಹದಿನಾರನೆಯದು. ಅದು ಚೆನ್ನಾಗಿಯೇ ಮೂಡಿತ್ತು. ಥ-ಕಾರದವರೆಗೆ ಸರಿ, ತ-ಕಾರವನ್ನು ಸೇರಿಸಿದೊಡನೆ ಕೆಟ್ಟಿತ್ತು.

“ಸರ್, ಧ-ಕಾರದಲ್ಲಿ ತಪ್ಪಿಲ್ಲ. ಇಲ್ಲಿ ಬಂದಿದೆ ನೋಡಿ. ಯಾವ ಕಡೆಯಿಂದ ಎಣಿಸಿದರೂ ಹತ್ತೊಂಬತ್ತನೆಯ ಸಾಲಿನಲ್ಲಿ ಕೆಡುತ್ತದೆ” ಎಂದ.

ನಾವು ಲೆಕ್ಕ ಹಾಕಿದೆವು. 18 ಸಾಲುಗಳೆಂದರೆ 270 ರೂಪಗಳು, 8,640 ಬೈಟು. ಉಳಿದ 6,800 ಸೇರಿ 15,440. ಹತ್ತೊಂಬತ್ತನೆಯ ಸಾಲು ಸೇರಿದರೆ 15,920. ಬೂಟ್‌ಲೋಡರು ತನಗಾಗಿ 512 ಬೈಟುಗಳನ್ನು ಇಟ್ಟುಕೊಳ್ಳುತ್ತದೆ. ಅದನ್ನು ಕೂಡಿಸಿದರೆ 16,432. ಹದಿನಾರು ಕಿಲೋಬೈಟೆಂದರೆ 16,384. ಮೂವತ್ತೆರಡೆಂದು ಹೆಸರು ಹೊತ್ತ ಕೊಡ ಹದಿನಾರಕ್ಕೇ ತುಂಬಿ ಚೆಲ್ಲುತ್ತಿತ್ತು. ತಪ್ಪು ಅಕ್ಷರದಲ್ಲಿಯೂ ಇರಲಿಲ್ಲ, ಅದನ್ನು ಬರೆದ ಹುಡುಗನಲ್ಲಿಯೂ ಇರಲಿಲ್ಲ. ಮೂರು ವಾರಗಳ ಕಾಲ ನಾವು ಹುಡುಗನನ್ನು ಸಂಶಯಿಸಿದೆವೇ ಹೊರತು ಚಿಪ್ಪನ್ನು ಸಂಶಯಿಸಲಿಲ್ಲ. ಚಿಪ್ಪಿನ ಮೈಮೇಲೆ ಹೆಸರು ಅಚ್ಚಾಗಿದ್ದುದೇ ಅದಕ್ಕೆ ಕಾರಣ.

ನಕಲಿ ಹುಟ್ಟುವ ಬಗೆ

ಚಿಪ್ಪನ್ನು ತಯಾರಿಸಲು ಬೃಹತ್ತಾದ ಕಾರ್ಖಾನೆ ಬೇಕಾಗಿರುವಾಗ ನಕಲಿಯನ್ನು ಮಾಡುವುದು ಸಾಧ್ಯವೆ ಎಂದು ಕೆಲವರು ಕೇಳಬಹುದು. ನಕಲಿಗಳಲ್ಲಿ ಹಲವು ಹೊಸದಾಗಿ ಹುಟ್ಟಿದುವಲ್ಲ, ಹೆಸರು ಬದಲಿಸಿಕೊಂಡವು ಎಂಬುದೇ ಇದಕ್ಕೆ ಉತ್ತರ. ಎಸೆದ ಕಂಪ್ಯೂಟರು, ಟೆಲಿವಿಷನ್ ಮೊದಲಾದವುಗಳ ಫಲಕಗಳನ್ನು ಕಾಯಿಸಿ ಚಿಪ್ಪುಗಳನ್ನು ಕೀಳುತ್ತಾರೆ, ತೊಳೆದು ಒಣಗಿಸುತ್ತಾರೆ, ಮೇಲಿನ ಹೆಸರನ್ನು ಉಜ್ಜಿ ತೆಗೆಯುತ್ತಾರೆ, ಕರಿಯ ಲೇಪವನ್ನು ಬಳಿದು ಹೊಸ ಹೆಸರನ್ನೂ ಹೊಸ ವರ್ಷವನ್ನೂ ಅಚ್ಚು ಹಾಕುತ್ತಾರೆ. ಮತ್ತೊಂದು ಬಗೆಯಲ್ಲಿ ಕಡಮೆ ಶಕ್ತಿಯ ಚಿಪ್ಪಿಗೆ ಹೆಚ್ಚು ಶಕ್ತಿಯದರ ಹೆಸರನ್ನು ಕೊಡುತ್ತಾರೆ. ಕಾರ್ಖಾನೆಯ ಪರೀಕ್ಷೆಯಲ್ಲಿ ತಳ್ಳಿಹಾಕಿದ ಸರಕು ಹಿಂಬಾಗಿಲಿನಿಂದ ಪೇಟೆಗೆ ಬರುವುದೂ ಉಂಟು. ಒಬ್ಬರು ತಯಾರಿಸಿದುದಕ್ಕೆ ಇನ್ನೊಬ್ಬರ ಹೆಸರನ್ನು ಹಾಕುವುದು ನಾಲ್ಕನೆಯ ಬಗೆ.

ಇಲ್ಲಿ ಒಂದು ವಿವೇಚನೆ ಅಗತ್ಯ. ಎಲ್‌ಜಿಟಿ8ಎಫ್328ಪಿ ಎಂಬ ಚೀನಾದೇಶದ ಚಿಪ್ ಎಟಿಮೆಗಾ328ಪಿಯನ್ನು ಬಹುಮಟ್ಟಿಗೆ ಹೋಲುತ್ತದೆ. ಅದಕ್ಕಾಗಿ ಬರೆದ ಹಲವು ಪ್ರೋಗ್ರಾಮುಗಳನ್ನು ನಡೆಸುತ್ತದೆ. ಆದರೆ ಅದು ತನ್ನ ಹೆಸರಿನಲ್ಲಿಯೇ ಮಾರಾಟವಾಗುತ್ತದೆ. ಆದುದರಿಂದ ಅದು ನಕಲಿಯಲ್ಲ, ಬೇರೊಂದು ಸರಕು. ಡಾಲ್ಡವನ್ನು ಡಾಲ್ಡವೆಂದು ಮಾರುವವನು ವರ್ತಕ. ತುಪ್ಪವೆಂದು ಮಾರುವವನು ವಂಚಕ. ಮೋಸವಿರುವುದು ವಸ್ತುವಿನಲ್ಲಲ್ಲ, ಹೆಸರಿನಲ್ಲಿ.

ಇದು ಮಕ್ಕಳ ಆಟಿಕೆಗೆ ಮಾತ್ರ ಸಂಬಂಧಿಸಿದ ಮಾತೂ ಅಲ್ಲ. ಅಮೆರಿಕದ ಸೆನೆಟ್ಟಿನ ಸಶಸ್ತ್ರಪಡೆಗಳ ಸಮಿತಿಯು 2012ರ ಮೇ ತಿಂಗಳಲ್ಲಿ ಒಂದು ವರದಿಯನ್ನು ಪ್ರಕಟಿಸಿತು. ಆ ದೇಶದ ರಕ್ಷಣಾ ಸರಬರಾಜಿನಲ್ಲಿ 2009 ಮತ್ತು 2010 ಈ ಎರಡೇ ವರ್ಷಗಳಲ್ಲಿ ನಕಲಿಯೆಂದು ಶಂಕಿಸಬೇಕಾದ ಸುಮಾರು 1,800 ಪ್ರಕರಣಗಳು, ಹತ್ತು ಲಕ್ಷಕ್ಕೂ ಮಿಕ್ಕ ಬಿಡಿಭಾಗಗಳು ಕಂಡುಬಂದುವೆಂದು ಅದರಲ್ಲಿ ಹೇಳಿದೆ. ಸೈನ್ಯದ ವಿಮಾನಗಳಿಗೇ ಈ ಪಾಡಾದರೆ ಶಾಲೆಯ ಹುಡುಗನ ಪಾಡೇನು!

ಪರೀಕ್ಷೆಯ ಮೆಟ್ಟಿಲುಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನವಿಮುಂಬಯಿಯ ಮಹಾಪೆಯ ಕಡೆ ಇಲೆಕ್ಟ್ರಾನಿಕ್ಸ್ ಕೆಲಸದಲ್ಲಿದ್ದಾರೆ. ಅವರು ಒಂದು ಭಾನುವಾರ ಬಂದು ನಮ್ಮೆದುರಿನಲ್ಲಿಯೇ ಪರೀಕ್ಷೆಗಳನ್ನು ಮಾಡಿ ತೋರಿಸಿದರು. ಅವುಗಳನ್ನು ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಕ್ರಮವಾಗಿ ಕೊಡುತ್ತೇವೆ.

ಮೊದಲನೆಯದು, ಕಣ್ಣಿನ ಪರೀಕ್ಷೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಚಿಪ್ಪಿನ ಮೇಲ್ಮೈಯನ್ನೂ ಅಡಿಮೈಯನ್ನೂ ಹೋಲಿಸಬೇಕು. ಒಂದೇ ಅಚ್ಚಿನಿಂದ ಬಂದ ಮೈಗಳ ತರಿ ಬಹುಮಟ್ಟಿಗೆ ಒಂದೇ ಬಗೆಯಾಗಿರುತ್ತದೆ. ಮೇಲ್ಮೈ ಮಾತ್ರ ಬಣ್ಣ ಬಳಿದಂತೆ ನುಣುಪಾಗಿದ್ದರೆ, ಒಂದೇ ದಿಕ್ಕಿನ ಗೀರುಗಳಿದ್ದರೆ ಉಜ್ಜಿರಬಹುದೆಂದು ಶಂಕಿಸಬೇಕು. ಮೇಲ್ಮೈಯಲ್ಲಿ ಅಚ್ಚಿನ ಗುಂಡನೆಯ ತಗ್ಗು ಇದ್ದಲ್ಲಿ ಅದರ ಅಂಚು ಸ್ಪಷ್ಟವಾಗಿರಬೇಕು. ಲೇಪ ಬಳಿದಾಗ ಅದು ಅರ್ಧ ತುಂಬಿಕೊಳ್ಳುತ್ತದೆ. ಕಾಲುಗಳ ಮೇಲೆ ಗೀರು, ಮರಳಿ ಹಚ್ಚಿದ ಬೆಸುಗೆಯ ಹೊಳಪು ಇದ್ದರೆ “ಹೊಸದು” ಎಂಬ ಮಾತು ಸುಳ್ಳು.

ಎರಡನೆಯದು, ಬರಹದ ಪರೀಕ್ಷೆ. ಚಿಪ್ಪಿನ ಮೇಲೆ ನಾಲ್ಕು ಅಂಕಿಗಳ ಕಾಲಸಂಕೇತ ಇರುವುದು ವಾಡಿಕೆ. ಮೊದಲಿನ ಎರಡು ವರ್ಷವನ್ನೂ ಕೊನೆಯ ಎರಡು ವಾರವನ್ನೂ ಹೇಳುತ್ತವೆ. 2231 ಎಂದರೆ 2022ನೆಯ ವರ್ಷದ 31ನೆಯ ವಾರ. ವರ್ಷದಲ್ಲಿ 53ಕ್ಕಿಂತ ಹೆಚ್ಚಿನ ವಾರವಿಲ್ಲ. 2267 ಎಂದು ಬರೆದಿದ್ದರೆ ಬರೆದವನಿಗೆ ಅದರ ಅರ್ಥವೇ ತಿಳಿದಿರಲಿಲ್ಲವೆಂದಾಯಿತು. ಆ ಬಗೆಯ ಚಿಪ್ ಹುಟ್ಟುವುದಕ್ಕೆ ಮೊದಲಿನ ವರ್ಷ ಅದರ ಮೈಮೇಲಿದ್ದರೂ ಹಾಗೆಯೇ. ಎರಡು ಚಿಪ್ಪುಗಳ ಮೇಲೆ ಒಂದೇ ಸಂಕೇತವಿದ್ದು ಅಕ್ಷರಗಳ ಆಕಾರ ಬೇರೆಯಾಗಿದ್ದರೆ ಅದೂ ವಿಚಾರಾರ್ಹ.

ಮೂರನೆಯದು, ಅಸಿಟೋನಿನ ಪರೀಕ್ಷೆ. ಉಗುರುಬಣ್ಣವನ್ನು ತೆಗೆಯಲು ಬಳಸುವ ದ್ರವಗಳಲ್ಲಿ ಇದು ಇರುವುದುಂಟು. ಹತ್ತಿಗೆ ಎರಡು ಹನಿ ಹಾಕಿ ಚಿಪ್ಪಿನ ಮೇಲ್ಮೈಯನ್ನು ಮೆಲ್ಲನೆ ಉಜ್ಜಿದರೆ ಹುಸಿಲೇಪ ಕರಗಿ ಹತ್ತಿಗೆ ಕರಿ ಹತ್ತಬಹುದು. ನಮ್ಮ ಚಿಪ್ಪಿನಲ್ಲಿ ಹಾಗೆಯೇ ಆಯಿತು. ಆದರೆ ಈ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದು. ಕಿಟಕಿಗಳನ್ನು ತೆರೆದು, ಬೆಂಕಿಯನ್ನು ದೂರವಿಟ್ಟು, ಹಿರಿಯರ ಸಮ್ಮುಖದಲ್ಲಿ ಮಾತ್ರ ಈ ಪ್ರಯೋಗವನ್ನು ಮಾಡತಕ್ಕದ್ದು. ಅಲ್ಲದೆ ಅಸಿಟೋನಿಗೆ ಜಗ್ಗದ ಲೇಪಗಳೂ ಈಗ ಬಂದಿವೆ. ಅಸಲಿ ಚಿಪ್ಪಿನ ಶಾಯಿಯ ಅಕ್ಷರಗಳೂ ಕೆಲವೊಮ್ಮೆ ಮಾಸುತ್ತವೆ. ಆದುದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡಕೂಡದು.

ನಾಲ್ಕನೆಯದು, ಗುರುತಿನ ಪರೀಕ್ಷೆ. ಇದೇ ಎಲ್ಲಕ್ಕಿಂತ ರಸವತ್ತಾದುದು. ಈ ಜಾತಿಯ ಪ್ರತಿಯೊಂದು ಚಿಪ್ಪಿನ ಒಳಗೂ ಕಾರ್ಖಾನೆಯಲ್ಲಿಯೇ ಮೂರು ಬೈಟುಗಳ ಒಂದು ಸಹಿ ಅಡಗಿರುತ್ತದೆ. ಇದನ್ನು ಹದಿನಾರರ ಎಣಿಕೆಯಲ್ಲಿ ಬರೆಯುವ ರೂಢಿ. 9ರ ಮುಂದೆ ಅಂಕಿಗಳಿಲ್ಲದುದರಿಂದ ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಅಕ್ಷರಗಳನ್ನು ಬಳಸುತ್ತಾರೆ. ಎಟಿಮೆಗಾ328ಪಿಯ ಸಹಿ 1ಇ, 95, 0ಎಫ್. ಮೊದಲನೆಯದು ಆಟ್ಮೆಲ್ ಕಂಪನಿಯ ಗುರುತು. ಎರಡನೆಯದು ಪ್ರೋಗ್ರಾಮಿನ ಕೋಶ 32 ಕಿಲೋಬೈಟೆಂಬುದರ ಗುರುತು. ಮೂರನೆಯದು ಆ ಗಾತ್ರದವುಗಳಲ್ಲಿ ಇದು ಯಾವುದೆಂಬುದರ ಗುರುತು.

ಸಹಿಯನ್ನು ಕೇಳುವಾಗ ಯಾರನ್ನು ಕೇಳುತ್ತಿದ್ದೇವೆಂಬುದು ಮುಖ್ಯ. ಬೂಟ್‌ಲೋಡರಿನ ಮೂಲಕ ಕೇಳಿದರೆ, ಅದನ್ನು ಬರೆದವರು ಹೇಳಿಕೊಟ್ಟ ಉತ್ತರವನ್ನೇ ಅದು ಒಪ್ಪಿಸಬಹುದು. ಇದು ಬಾಗಿಲಲ್ಲಿ ನಿಂತ ಕಾವಲುಗಾರನನ್ನು ಕೇಳಿದಂತೆ. ಮನೆಯ ಯಜಮಾನನನ್ನೇ ಕೇಳಬೇಕಾದರೆ ಚಿಪ್ಪಿನ ನಿಗದಿಯಾದ ಕಾಲುಗಳಿಗೆ ಪ್ರೋಗ್ರಾಮರ್ ಎಂಬ ಸಣ್ಣ ಉಪಕರಣವನ್ನು ಜೋಡಿಸಿ ನೇರವಾಗಿ ಓದಬೇಕು. ಅದು ಇಲ್ಲದಿದ್ದರೆ ಮತ್ತೊಂದು ಆರ್ಡುಯಿನೋ ಫಲಕವನ್ನೇ ಆ ಕೆಲಸಕ್ಕೆ ಬಳಸಬಹುದು. ನಮ್ಮ ಚಿಪ್ಪನ್ನು ನೇರವಾಗಿ ಕೇಳಿದಾಗ ಬಂದ ಉತ್ತರ 1ಇ, 94, 0ಬಿ. ಇದು ಎಟಿಮೆಗಾ168ಪಿ ಎಂಬ, 16 ಕಿಲೋಬೈಟಿನ ತಮ್ಮನ ಸಹಿ. ಅಣ್ಣನ ಅಂಗಿಯನ್ನು ತೊಟ್ಟು ಬಂದಿದ್ದ ತಮ್ಮ ಹೆಸರು ಕೇಳಿದಾಗ ನಿಜವನ್ನೇ ಹೇಳಿದ! ಎರಡನೆಯ ಚಿಪ್ಪೂ ಅದೇ ಉತ್ತರವನ್ನು ಕೊಟ್ಟಿತು. ಹುಡುಗ ನಮ್ಮ ಕಡೆ ನೋಡಲಿಲ್ಲ; ನೋಡಿದ್ದರೆ ನಮಗೆ ಇನ್ನೂ ಕಷ್ಟವಾಗುತ್ತಿತ್ತು.

ಹೊಸ ಚಿಪ್ಪಿನ ಬಗ್ಗೆ ಇನ್ನೊಂದು ಸಂಗತಿಯನ್ನು ಇದೇ ಉಪಕರಣದಿಂದ ತಿಳಿಯಬಹುದು. ಏನನ್ನೂ ಬರೆಯದೆ ಮಾರಿದ ಎಟಿಮೆಗಾ328ಪಿಯ ಪ್ರೋಗ್ರಾಮಿನ ಕೋಶ ಬರಿದಾಗಿರಬೇಕು, ಅಂದರೆ ಪ್ರತಿಯೊಂದು ಬೈಟೂ ಎಫ್‌ಎಫ್ ಎಂದಿರಬೇಕು. ಫ್ಯೂಸ್ ಎಂದು ಕರೆಯುವ ವ್ಯವಸ್ಥೆಯ ಬೈಟುಗಳು ಕಾರ್ಖಾನೆಯಿಂದ ಬಂದಂತೆ 62, ಡಿ9, ಎಫ್‌ಎಫ್ ಆಗಿರಬೇಕು. ಒಳಗೆ ಯಾರದೋ ಹಳೆಯ ಪ್ರೋಗ್ರಾಮು ಇದ್ದರೆ ಅದು ಬೇರೊಬ್ಬರ ಮನೆಯಲ್ಲಿ ದುಡಿದು ಬಂದ ಚಿಪ್ಪೆಂದು ತಿಳಿಯಬೇಕು.

ಐದನೆಯದು, ಸಾಮರ್ಥ್ಯದ ಪರೀಕ್ಷೆ. ಸಹಿಯನ್ನೂ ನಕಲು ಮಾಡಿದವರಿದ್ದರೆ? ಆಗ ಮಾತನ್ನು ಬಿಟ್ಟು ಕೆಲಸವನ್ನು ನೋಡಬೇಕು. ನೂರು ಹಾಳೆಯ ಪುಸ್ತಕಕ್ಕೆ ಇನ್ನೂರು ಹಾಳೆಯೆಂದು ಹೆಸರಿಟ್ಟರೆ, 101ನೆಯ ಹಾಳೆಯಲ್ಲಿ ಬರೆಯಹೊರಟವನು ತಿಳಿಯದೆ ಮೊದಲನೆಯ ಹಾಳೆಯ ಮೇಲೆಯೇ ಬರೆಯುತ್ತಾನೆ. ಚಿಪ್ಪಿನಲ್ಲಿಯೂ ಹಾಗೆಯೇ. ವಿದ್ಯುತ್ ಹೋದರೂ ಉಳಿಯುವ ಕೋಶದಲ್ಲಿ 328ಪಿಗೆ 1,024 ಮನೆಗಳು, 168ಪಿಗೆ 512 ಮನೆಗಳು. ಸೊನ್ನೆಯ ಮನೆಯಲ್ಲಿ 5 ಎಂದು ಬರೆಯಿರಿ. 512ನೆಯ ಮನೆಯಲ್ಲಿ 9 ಎಂದು ಬರೆಯಿರಿ. ಈಗ ಸೊನ್ನೆಯ ಮನೆಯನ್ನು ಓದಿರಿ. 5 ಬಂದರೆ ಸರಿ. 9 ಬಂದರೆ ಮನೆಗಳ ಸಂಖ್ಯೆ ಹೇಳಿದಷ್ಟಿಲ್ಲ. ಹತ್ತು ಸಾಲುಗಳ ಪ್ರೋಗ್ರಾಮಿನಿಂದ ಇದು ಸಾಧ್ಯ. ನಮ್ಮ ಹುಡುಗ ಕಾಗುಣಿತದಿಂದ ಮಾಡಿದ್ದೂ, ತನಗೆ ತಿಳಿಯದೆಯೇ, ಇದೇ ಜಾತಿಯ ಪರೀಕ್ಷೆ.

ಇದರ ಮೇಲೂ ಸಂಶಯ ಉಳಿದರೆ ಎಕ್ಸ್-ಕಿರಣದಿಂದ ಒಳಗನ್ನು ನೋಡುವುದು, ಪ್ರಬಲ ಆಮ್ಲದಿಂದ ಹೊರಮೈಯನ್ನು ಕರಗಿಸಿ ಸಿಲಿಕಾನಿನ ಮೇಲಿನ ತಯಾರಕರ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಓದುವುದು ಮೊದಲಾದ ವಿಧಾನಗಳುಂಟು. ಇವು ದೊಡ್ಡ ಪ್ರಯೋಗಶಾಲೆಗಳಿಗೆ ತಕ್ಕವು. ಶಾಲೆಯಲ್ಲಿ ಇವುಗಳ ಗೊಡವೆ ಬೇಡ.

ಎರಡು ಬಗೆಯ ತಪ್ಪು

ಅಸಲು ನಕಲುಗಳ ವಿಚಾರ ಕನ್ನಡದ ವಿದ್ವತ್ತಿಗೆ ಹೊಸದಲ್ಲ. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದು ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಬರೆದ ಜೆ. ಎಫ್. ಫ್ಲೀಟರು ಗಂಗರಸರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ವಾದಿಸಿದರು. ಶಾಸನದಲ್ಲಿ ಹೇಳಿದ ಶಕವರ್ಷಕ್ಕೂ ಅದರ ಲಿಪಿಗೂ ಹೊಂದುವುದಿಲ್ಲ, ತಿಥಿವಾರಗಳು ಲೆಕ್ಕಕ್ಕೆ ಕೂಡುವುದಿಲ್ಲ ಎಂಬುವು ಅಂಥ ಪರೀಕ್ಷೆಯ ಒರೆಗಲ್ಲುಗಳು. ಕಾಲಸಂಕೇತವನ್ನೂ ಅಕ್ಷರದ ಆಕಾರವನ್ನೂ ಒಂದಕ್ಕೊಂದು ಎದುರಿಟ್ಟು ನೋಡುವ ನಮ್ಮ ಎರಡನೆಯ ಪರೀಕ್ಷೆ ಇದೇ ಅಲ್ಲವೆ? ಆದರೆ ಬಿ. ಎಲ್. ರೈಸರು ಫ್ಲೀಟರ ಅಭಿಪ್ರಾಯವನ್ನು ಒಪ್ಪಲಿಲ್ಲ; ಫ್ಲೀಟರು ತಳ್ಳಿಹಾಕಿದುವುಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ಅಸಲೆಂದೇ ಸ್ವೀಕರಿಸಿದರು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಪರೀಕ್ಷಕನು ಮಾಡಬಹುದಾದ ತಪ್ಪು ಎರಡು ಬಗೆಯದು. ನಕಲಿಯನ್ನು ಅಸಲೆಂದು ಒಪ್ಪುವುದು ಒಂದು; ಅಸಲನ್ನು ನಕಲಿಯೆಂದು ತಳ್ಳುವುದು ಇನ್ನೊಂದು. ನಾವು ಈ ಎರಡನ್ನೂ ಒಂದೇ ದಿನ ಮಾಡಿದ್ದೆವು: ಚಿಪ್ಪನ್ನು ಒಪ್ಪಿ, ಹುಡುಗನನ್ನು ತಳ್ಳಿದ್ದೆವು.

ತಳ್ಳುವ ಮುನ್ನ ಪೆಟ್ಟು ಯಾರಿಗೆ ತಗಲುತ್ತದೆಂಬುದನ್ನೂ ಯೋಚಿಸಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಎಫ್‌ಟಿಡಿಐ ಎಂಬ ಕಂಪನಿ ಎಫ್‌ಟಿ232 ಎಂಬ ಚಿಪ್ಪನ್ನು ತಯಾರಿಸುತ್ತದೆ. ಕಂಪ್ಯೂಟರಿನ ಯುಎಸ್‌ಬಿ ತಂತಿಯನ್ನು ಇಂಥ ಫಲಕಗಳಿಗೆ ಜೋಡಿಸುವುದು ಅದರ ಕೆಲಸ. ಅದಕ್ಕೆ ನಕಲಿಗಳು ಹುಟ್ಟಿಕೊಂಡವು. ಅಂಥ ಒಂದನ್ನು ಬಿಚ್ಚಿ ನೋಡಿದವರಿಗೆ, ಅಸಲಿಯಂತೆ ನಡೆದುಕೊಳ್ಳುವುದನ್ನು ಕಲಿಸಿಟ್ಟ ಬೇರೊಂದು ಮೈಕ್ರೋಕಂಟ್ರೋಲರೇ ಒಳಗೆ ಕಂಡಿತು. 2014ರಲ್ಲಿ ಕಂಪನಿಯು ತನ್ನ ಡ್ರೈವರ್ ತಂತ್ರಾಂಶವನ್ನು ಬದಲಿಸಿ, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿ ಅವು ಕೆಲಸಕ್ಕೆ ಬಾರದಂತೆ ಮಾಡಿತು. ನಕಲಿಯನ್ನು ಮಾಡಿದವನಿಗೆ ಇದರಿಂದ ಏನೂ ಆಗಲಿಲ್ಲ; ತನ್ನ ಉಪಕರಣದೊಳಗೆ ಯಾವ ಚಿಪ್ ಇದೆಯೆಂಬುದನ್ನೇ ಅರಿಯದ ಗ್ರಾಹಕನ ಉಪಕರಣ ಸತ್ತಿತು. ಜನರ ಆಕ್ಷೇಪವೆದ್ದ ಮೇಲೆ ಕಂಪನಿಯು ಆ ತಂತ್ರಾಂಶವನ್ನು ಹಿಂತೆಗೆದುಕೊಂಡಿತು. ಮುಂಗುಸಿಯ ಕಥೆ ಹಳೆಯದಾದರೂ ಮುಗಿದುದಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು

ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರೋಡು ಇಲೆಕ್ಟ್ರಾನಿಕ್ಸ್ ಸರಕಿಗೆ ಹೆಸರಾದ ಪೇಟೆ. ಥಾಣೆ, ಡೊಂಬಿವಲಿ, ಕಲ್ಯಾಣಗಳ ವಿದ್ಯಾರ್ಥಿಗಳು ದಾದರಿನಲ್ಲಿ ರೈಲು ಬದಲಿಸಿ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಸರಕನ್ನು ಬಲ್ಲ, ಬಾಯಿಮಾತಿಗೆ ತಪ್ಪದ ವರ್ತಕರು ಬೇಕಾದಷ್ಟು ಜನರಿದ್ದಾರೆ. ಎಷ್ಟೋ ವೇಳೆ ಚಿಲ್ಲರೆ ಅಂಗಡಿಯವರೂ ನಮ್ಮಂತೆಯೇ ಮೋಸಹೋದವರಾಗಿರುತ್ತಾರೆ. ಆದುದರಿಂದ ಜಗಳಕ್ಕೆ ಹೋಗದೆ ಎಚ್ಚರಿಕೆಯಿಂದ ಕೊಳ್ಳುವುದು ಮೇಲು.

ಬೆಲೆ ಬೇರೆಡೆಗಿಂತ ತೀರ ಕಡಮೆಯಿದ್ದರೆ ಏಕೆಂದು ಕೇಳಬೇಕು. ಸಾಧ್ಯವಾದರೆ ತಯಾರಕರು ಮಾನ್ಯಮಾಡಿದ ವಿತರಕರಿಂದಲೇ ತರಿಸಬೇಕು. ಚಿಪ್ಪಿನ ಹೆಸರನ್ನು ಪೂರ್ಣವಾಗಿ ಬರೆಸಿ ಬಿಲ್ಲನ್ನು ಪಡೆಯಬೇಕು. ಬಿಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಸರೆಯನ್ನು ಪಡೆಯುವುದು ಸುಲಭ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ವಿಚಾರಿಸಬಹುದು. ತಂದ ದಿನವೇ, ಬೆಸುಗೆ ಹಾಕುವುದಕ್ಕೆ ಮೊದಲೇ, ಗುರುತಿನ ಮತ್ತು ಸಾಮರ್ಥ್ಯದ ಪರೀಕ್ಷೆಗಳನ್ನು ಮಾಡಿ ನೋಟ್‌ಬುಕ್ಕಿನಲ್ಲಿ ದಿನಾಂಕಸಹಿತ ಬರೆದಿಡಬೇಕು. ನಕಲಿಯೆಂದು ತಿಳಿದ ಚಿಪ್ಪನ್ನು ಇನ್ನೊಬ್ಬರಿಗೆ ದಾಟಿಸಕೂಡದು. ಅದರ ಮೇಲೆ ಅದರ ನಿಜನಾಮದ ಚೀಟಿ ಅಂಟಿಸಿದರೆ 16 ಕಿಲೋಬೈಟಿನ ಕೆಲಸಕ್ಕೆ ಅದೂ ಒದಗೀತು. ನಮ್ಮ ಪ್ರಯೋಗಶಾಲೆಯಲ್ಲಿ ಆ ಎರಡು ಚಿಪ್ಪುಗಳು ಈಗ ಆ ಚೀಟಿಯೊಡನೆ ಇವೆ. ಒಂದು ಕೈತೋಟದ ಗಿಡಗಳಿಗೆ ನೀರು ಬಿಡುತ್ತದೆ.

ಮುಗಿಸುವ ಮುನ್ನ

ಬಳಿಕ ಮಾನ್ಯ ವಿತರಕರಿಂದ ತರಿಸಿದ ಚಿಪ್ಪು 1ಇ, 95, 0ಎಫ್ ಎಂದು ಉತ್ತರ ಕೊಟ್ಟಿತು. ಕ-ಕಾರದಿಂದ ಳ-ಕಾರದವರೆಗೆ ಮೂವತ್ತನಾಲ್ಕು ಸಾಲುಗಳೂ ಪರದೆಯ ಮೇಲೆ ಮೂಡಿದವು. ಧ-ಕಾರ ಆತ ಮೊದಲ ದಿನ ಬರೆದಂತೆಯೇ, ಯಾವ ತಿದ್ದುಪಡಿಯೂ ಇಲ್ಲದೆ, ಸ್ಫುಟವಾಗಿ ಮೂಡಿತು. ಆದರೆ ಪ್ರದರ್ಶನದ ಪಟ್ಟಿ ಹೋಗಿಯಾಗಿತ್ತು. ಆ ವರ್ಷ ಆತನ ಹೆಸರು ಅದರಲ್ಲಿರಲಿಲ್ಲ. ಉಪಕರಣವನ್ನು ನಮ್ಮ ವಾರ್ಷಿಕೋತ್ಸವದಲ್ಲಿಟ್ಟೆವು. ಒಂದನೆಯ ತರಗತಿಯ ಮಕ್ಕಳು ಗುಂಡಿಯನ್ನು ಬಿಡಲೊಲ್ಲದೆ ಸಾಲುನಿಂತರು.

ತರಗತಿಯ ಎದುರಿನಲ್ಲಿ ಹೇಳಿದ ತಪ್ಪುಮಾತನ್ನು ತರಗತಿಯ ಎದುರಿನಲ್ಲಿಯೇ ಹಿಂತೆಗೆದುಕೊಳ್ಳಬೇಕಾದುದು ನ್ಯಾಯ. ನಾವು ಹಾಗೆಯೇ ಮಾಡಿದೆವು. ಅಚ್ಚಾದ ಹೆಸರಿಗೆ ಬಾಯಿಲ್ಲದಿದ್ದರೂ ಅದರ ಮಾತನ್ನು ನಂಬಿದೆವು. ಬಾಯಿದ್ದ ಮಗುವಿನ ಮಾತನ್ನು ಕೇಳಲಿಲ್ಲ. ಇನ್ನು ಮುಂದೆ ನಮ್ಮ ಶಾಲೆಯಲ್ಲಿ ಒಂದು ಪ್ರಯೋಗ ಕೆಟ್ಟರೆ ಮೊದಲು ಸಾಮಾನನ್ನು ಪರೀಕ್ಷಿಸುವುದು, ಆಮೇಲೆ ಲೆಕ್ಕವನ್ನು, ಕೊನೆಗೆ ವಿದ್ಯಾರ್ಥಿಯನ್ನು ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇವೆ. ಗಾದೆಯ ವಿಸ್ತರಣೆಗೆ ಇದಕ್ಕಿಂತ ಹೆಚ್ಚಿನದನ್ನು ನಾವು ಬರೆಯಲಾರೆವು.

ಅಭ್ಯಾಸ

1. ಪ್ರತಿಯೊಂದು ಅಕ್ಷರವನ್ನು 24 ಸಾಲು, 24 ಕಂಬಗಳ ಚುಕ್ಕೆಗಳಾಗಿ ಬರೆದರೆ 510 ರೂಪಗಳಿಗೆ ಎಷ್ಟು ಬೈಟುಗಳು ಬೇಕು? ಅಸಲಿ ಎಟಿಮೆಗಾ328ಪಿಯಲ್ಲಿ ಅವು ಹಿಡಿಯುತ್ತವೆಯೆ?

2. 2114, 2260, 1952 ಈ ಕಾಲಸಂಕೇತಗಳಲ್ಲಿ ಯಾವುದು ಶಂಕಾಸ್ಪದ? ಏಕೆ?

3. ದ-ಕಾರದವರೆಗೆ ಸರಿಯಾಗಿದ್ದು ಧ-ಕಾರದಲ್ಲಿ ಕೆಟ್ಟುದರಿಂದ ಧ-ಕಾರದಲ್ಲಿ ತಪ್ಪಿದೆಯೆಂದು ಸಿದ್ಧವಾಗುತ್ತದೆಯೆ? ಹುಡುಗನ ಎರಡನೆಯ ಪ್ರಯೋಗ ಹೊಸದಾಗಿ ಏನನ್ನು ತೋರಿಸಿತು?

4. ಒಂದು ಚಿಪ್ಪಿನ ಅಕ್ಷರಗಳು ಅಸಿಟೋನಿಗೆ ಮಾಸಿದವು. ಆದರೆ ಸಹಿಯೂ ಸಾಮರ್ಥ್ಯವೂ ಸರಿಯಾಗಿವೆ. ಅದನ್ನು ಕುರಿತು ನಿಮ್ಮ ನೋಟ್‌ಬುಕ್ಕಿನಲ್ಲಿ ಏನೆಂದು ಬರೆಯುವಿರಿ? ಏನೆಂದು ಬರೆಯಕೂಡದು?